ಒಂದಾಳಿನ ಮುಯ್ಯಿ

ಹೆಮ್ಮಿಗೆ
೨೮-೮-೨೦೨೪, ಬುಧವಾರ

ಪ್ರೀತಿಯ ಮಂಚಿ,

ನಾನು ಮಲ್ಲಾಜಿ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರುತ್ತದೆ. ಸ್ಟಾಫ್ ರೂಮಿನಲ್ಲಿ ಅದನ್ನು ಕೋಳಿ ಕೆದಕಿದ್ದು ಅಂತ ನೀನು ಎಷ್ಟು ಸಲ ಆಡಿಕೊಂಡಿಲ್ಲ! ಕ್ಷೇಮವಾಗಿದ್ದೀಯ ಅಂತ ನಿನ್ನ ತಮ್ಮ ಪುಟ್ಟಬಸವಯ್ಯ ಹೇಳಿದ. ಬಿ.ಪಿ. ಹತೋಟಿಯಲ್ಲಿದೆಯಂತೆ, ನಂಜನಗೂಡಿನಿಂದ ವಾರಕ್ಕೆ ಮೂರು ದಿನ ಬದನವಾಳಿನ ಖಾದಿ ಕೇಂದ್ರಕ್ಕೆ ಹೋಗಿ ನೂಲುತ್ತೀಯಂತೆ. ರಿಟೈರ್ ಆದ ಮೇಲೂ ಸುಮ್ಮನೆ ಕೂರುವ ಜಾಯಮಾನ ನಿನ್ನದಲ್ಲ. ನನಗೆ ಮಂಡಿನೋವು. ಅದನ್ನು ಬಿಟ್ಟರೆ ಎಲ್ಲ ಸರಿಯಾಗಿದೆ ಅಂತ ಬರೆಯಬೇಕು, ಬರೆದಿದ್ದೇನೆ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಕ್ಷಮಿಸು ಅಂತ ಮೊದಲು ಬರೆಯಲು ಹೊರಟು ನನಗೇ ನಗು ಬಂತು. ಹನ್ನೊಂದು ವರ್ಷ ತಡ. ಮಕ್ಕಳು ಹೋಂವರ್ಕನ್ನು ಒಂದು ದಿನ ತಡಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು. ನೀನು ಬರೆದಿದ್ದು ಒಂದು ನೀಲಿ ಇನ್‌ಲ್ಯಾಂಡ್ ಲೆಟರು, ನಾಲ್ಕೇ ಸಾಲು. ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿದೆ. ನಿನ್ನ ಫೋನ್ ನಂಬರನ್ನು ಪುಟ್ಟಬಸವಯ್ಯ ಬರೆದುಕೊಟ್ಟಿದ್ದಾನೆ. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವ ಮುಂಚೆಯೇ ನೀನು "ಬಿಡು ಮಲ್ಲಾಜಿ, ಆಗೋಯ್ತು" ಅಂದುಬಿಡುತ್ತೀಯ. ನೀನು ಹಾಗೆ ಅನ್ನಬಾರದು ಅಂತಲೇ ಕಾಗದ ಬರೆಯುತ್ತಿದ್ದೇನೆ. ಬರೆಯಬೇಕಾಗಿರುವುದು ನಮ್ಮ ಮನೆಯ ಗೃಹಪ್ರವೇಶದ ದಿನದ ವಿಚಾರ. ನೇರವಾಗಿ ಅಲ್ಲಿಗೆ ಹೋಗಲು ಧೈರ್ಯ ಸಾಲದು. ಮೊದಲು ಊರಿನ ಸುದ್ದಿ ಕೇಳು.

ಕಳೆದ ತಿಂಗಳು ನನ್ನ ಮಗ ಅಮೃತೇಶ ಇಂಟರ್‌ನೆಟ್ಟಿನಲ್ಲಿ ನಮ್ಮ ಮನೆಯ ಹೆಸರು ಹಾಕಿದ. ದೇಶ ಸುತ್ತುವ ಹುಡುಗ ಹುಡುಗಿಯರು ಬೆನ್ನಿಗೊಂದು ಚೀಲ ಏರಿಸಿಕೊಂಡು ಹಳ್ಳಿಗೆ ಬರುತ್ತಾರಂತೆ. ದಿನಕ್ಕೆ ಐದು ಗಂಟೆ ಹೊಲ ಗದ್ದೆಯಲ್ಲಿ ದುಡಿಯುತ್ತಾರಂತೆ, ನಾವು ಊಟ ಹಾಕಿ ಮಲಗಲು ಜಾಗ ಕೊಡಬೇಕಂತೆ. ಬ್ಯಾಕ್‌ಪ್ಯಾಕರ್ ಅನ್ನುತ್ತಾರೆ ಇಂಥವರನ್ನು. "ಬುದ್ಧಿ ನೆಟ್ಟಗಿರೋರು ಯಾರಾದ್ರೂ ಹೆಮ್ಮಿಗೆಗೆ ಕೆಸರು ತುಳಿಯೋಕೆ ಬತ್ತಾರೇನೋ?" ಅಂತ ಕೇಳಿದೆ. ಎಂಟೇ ದಿನಕ್ಕೆ ಒಬ್ಬಳು ಬಂದೇಬಿಟ್ಟಳು.

ಚಿಲಿ ದೇಶದವಳು, ಹೆಸರು ಕಮಿಲಾ, ಇಪ್ಪತ್ತನಾಲ್ಕು ವರ್ಷ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಅವಳ ಚೀಲ ನೋಡಿ ಯಾರೋ "ಬೆಡ್‌ಶೀಟು ಎಂಗಮ್ಮ?" ಅಂತ ಕೇಳಿದರಂತೆ. ಊರಿನವರ ಬಾಯಲ್ಲಿ ಎರಡೇ ದಿನಕ್ಕೆ ಕಮಲ ಆದಳು. ಬಿಸಿಲಿಗೆ ಹೆದರಿ ಮುಖಕ್ಕೆಲ್ಲ ಬಿಳಿ ಕ್ರೀಮು ಬಳಿದುಕೊಂಡು ಹೊರಡುವಳು. ಎದುರುಮನೆ ನಂಜೇಶ ಅದನ್ನು ನೋಡಿ "ಇದ್ಯಾವ ಮಠದೋರು ಟೀಚ್ರಮ್ಮ, ಈ ಪಾಟಿ ಈಬೂತಿ?" ಅಂದ. ಮುದ್ದೆಯನ್ನು ಅಗಿಯಬೇಡ, ನುಂಗು ಅಂತ ನನ್ನ ಸೊಸೆ ನಯನ ಇಂಗ್ಲಿಷಿನಲ್ಲಿ ಎಷ್ಟು ಹೇಳಿಕೊಟ್ಟರೂ ಕೇಳದೆ ಅಗಿದು ಅಗಿದು ದವಡೆ ನೋಯಿಸಿಕೊಂಡಳು. ಕೆಲಸಕ್ಕೆ ಮಾತ್ರ ಸೋಮಾರಿಯಲ್ಲ. ಕೊಟ್ಟಿಗೆ ಗುಡಿಸಿದಳು, ಭತ್ತದ ಸಸಿ ಬೆಳೆಸುವ ಒಟ್ಲು ಪಾತಿಯ ಕಳೆ ಕಿತ್ತಳು. ಅಂಗೈಯಲ್ಲಿ ಬೊಬ್ಬೆ ಎದ್ದರೆ ಅದನ್ನೇ ಫೋಟೋ ತೆಗೆದು ಅವಳಮ್ಮನಿಗೆ ಕಳಿಸಿದಳು. ಅವರದ್ದೂ ರೈತರ ಮನೆಯೇ. ಚೆರ್ರಿ ಹಣ್ಣಿನ ತೋಟವಂತೆ.

ನಾಲೆಗೆ ನೀರು ಬಂದು ಊರಿಗೆ ಊರೇ ನಾಟಿಗೆ ಬಿದ್ದಿತ್ತು. ಈಗ ಮೆಷಿನ್ನು ಬಂದಿದೆ, ಗುತ್ತಿಗೆಯವರು ಬಂದಿದ್ದಾರೆ. ಆದರೂ ನಮ್ಮ ಬೀದಿಯಲ್ಲಿ ಐದಾರು ಮನೆಯವರು ಇನ್ನೂ ಮುಯ್ಯಾಳು ಬಿಟ್ಟಿಲ್ಲ. ಕಳೆದ ವಾರ ಸೋಮವಾರ ಬೆಳಿಗ್ಗೆ ಕಮಲನಿಗೆ ನಯನ ಅದನ್ನು ವಿವರಿಸುತ್ತಿದ್ದಳು. ಇವತ್ತು ನಾವು ಅವರ ಗದ್ದೆಗೆ ಒಂದಾಳು ಹೋದರೆ ನಾಳೆ ಅವರು ನಮ್ಮ ಗದ್ದೆಗೆ ಒಂದಾಳು ಬರಬೇಕು, ದುಡ್ಡಿನ ಮಾತಿಲ್ಲ, ಇದಕ್ಕೆ ಮುಯ್ಯಿ ಅನ್ನುತ್ತೇವೆ ಅಂತ. ಕೂಲಿಯವರಿಗಾದರೆ ಊಟ ಗದ್ದೆಯ ಬದುವಿಗೆ ಹೋಗುತ್ತದೆ. ಮುಯ್ಯಿಗೆ ಬಂದವರು ಮನೆಯೊಳಗೆ, ಮನೆಯವರ ಪಂಕ್ತಿಯಲ್ಲೇ ಕೂತು ಉಣ್ಣುತ್ತಾರೆ ಅಂತಲೂ ಹೇಳಿದಳು. ಕಮಲ ಆ ಪದವನ್ನು ಪುಸ್ತಕದಲ್ಲಿ ಬರೆದುಕೊಂಡಳು. ನಯನ ಒಂದನ್ನು ಹೇಳಲಿಲ್ಲ. ಹೇಳಬೇಕು ಅಂತ ಅವಳಿಗೆ ಹೊಳೆಯಲೂ ಇಲ್ಲ. ನಿನಗೆ ಅದು ಗೊತ್ತು. ನಿಮ್ಮ ಬೀದಿಯವರು ನಮ್ಮ ಗದ್ದೆಗೆ ಕೂಲಿಗೆ ಬರುತ್ತಾರೆ, ಲಿಂಗ ಕಟ್ಟಿಕೊಂಡ ನಾವು ಯಾರೂ ನಿಮ್ಮವರ ಗದ್ದೆಗೆ ಮುಯ್ಯಿಗೆ ಇಳಿಯುವುದಿಲ್ಲ. ಯಾರೂ ಎಲ್ಲೂ ಬರೆದಿಟ್ಟಿಲ್ಲ, ಎಲ್ಲರಿಗೂ ಬಾಯಿಪಾಠ.

ನಮ್ಮ ನಾಟಿ ಗುರುವಾರಕ್ಕೆ ಗೊತ್ತಾಗಿತ್ತು. ಮಂಗಳವಾರ ಕಮಲನಿಗೆ ಕೆಲಸವಿರಲಿಲ್ಲ. "ನಾಲೆ ಮೇಲೆ ಹೋಗು, ಯಾರಾದ್ರೂ ನಾಟಿ ಹಾಕ್ತಿರ್ತಾರೆ, ನೋಡಿ ಕಲಿ" ಅಂತ ಅಮೃತೇಶ ಕಳಿಸಿದ. ಅವಳು ನೋಡಿ ಸುಮ್ಮನಿರುವ ಪೈಕಿಯೇ? ನಾಲೆ ಏರಿಯ ಮೇಲೆ ನಡೆದು ನಡೆದು, ಹೆಂಗಸರು ನಗುತ್ತ ನಾಟಿ ಹಾಕುತ್ತಿದ್ದ ಒಂದು ಗದ್ದೆ ಕಂಡದ್ದೇ ಪ್ಯಾಂಟು ಮಡಚಿ ಇಳಿದೇಬಿಟ್ಟಳು. ಅದು ನಿನ್ನ ತಮ್ಮನ ಗದ್ದೆ. ಅವನ ಸೊಸೆ ರೋಜಾ "ಯಾರ್ ಮನೆಯವ್ಳು ಕಣವ್ವ ನೀನು?" ಅಂತ ಕೇಳಿದಳಂತೆ. ಕಮಲ ಎದೆಯುಬ್ಬಿಸಿ, "ಮಲ್ಲಾಜಮ್ಮ ಮನೆ. ಮುಯ್ಯಿ" ಅಂದಳಂತೆ. ಗದ್ದೆಯಲ್ಲಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತರಂತೆ.

ಸಂಜೆಯವರೆಗೂ ಅಲ್ಲೇ ನೆಟ್ಟು, ಅವರ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಕೂತು ಉಪ್ಪೆಸರು ಮುದ್ದೆ ಉಂಡು, ತಲೆಯವರೆಗೂ ಕೆಸರಾಗಿ ಮನೆಗೆ ಬಂದಳು. "ಇವತ್ತು ನುಂಗಿದೆ, ಅಗಿಯಲಿಲ್ಲ!" ಅಂತ ನಯನನ ಹತ್ತಿರ ಬೀಗಿದಳು. ಉಪ್ಪೆಸರು ಅಂದದ್ದೇ ನನಗೆ ನಿನ್ನ ಊಟದ ಡಬ್ಬಿ ನೆನಪಾಯಿತು. ಹದಿನಾಲ್ಕು ವರ್ಷ ಸ್ಟಾಫ್ ರೂಮಿನಲ್ಲಿ ಆ ಡಬ್ಬಿಗೆ ಕೈ ಹಾಕಿ ತಿಂದಿದ್ದೇನೆ. ಶಾಲೆಯ ಗೇಟಿನ ಒಳಗೆ ನಾನೊಬ್ಬಳು, ಹೊರಗೆ ಇನ್ನೊಬ್ಬಳು. ನೀನು ಅದನ್ನು ಯಾವತ್ತೂ ಎತ್ತಿ ಆಡಲಿಲ್ಲ.

ಬುಧವಾರ ಬೆಳಿಗ್ಗೆಯೇ ರೋಜಾ ನಮ್ಮ ಗೇಟಿನ ಹತ್ತಿರ ನಿಂತಿದ್ದಳು. ನೀನು ವರ್ಗ ಮಾಡಿಸಿಕೊಂಡು ಹೋದ ಮೇಲೆ ಆ ಮನೆಗೆ ಬಂದ ಹುಡುಗಿ, ನನ್ನ ಕೈಯಲ್ಲಿ ಓದಿದವಳಲ್ಲ. ಮಾತು ಕತ್ತರಿಸಿದ ಹಾಗೆ.

"ಟೀಚ್ರಮ್ಮ, ನಾಳೆ ನಿಮ್ ನಾಟಿಗೆ ನಾನೂ ನಮ್ಮಾವನೂ ಬತ್ತೀವಿ" ಅಂದಳು.

"ಬಾ ತಾಯಿ, ಆಳು ಸಾಲದೆ ಒದ್ದಾಡ್ತಿದ್ವಿ. ಕೂಲಿ ಅಮೃತೇಶನ ಹತ್ರ ಮಾತಾಡ್ಕೋ" ಅಂದೆ.

"ಕೂಲಿಗಾದ್ರೆ ಬರಲ್ಲ. ನಿಮ್ ಮನೆ ಉಡ್ಗಿ ಮುಯ್ಯಿ ಅಂದ್ಬುಟ್ಟು ನೆಟ್ಟವ್ಳೆ. ಮುಯ್ಯಿ ಅಂದ್ಮ್ಯಾಲೆ ಮುಯ್ಯೇಯ."

ಹೇಳಿ ಹೊರಟೇಹೋದಳು. ನಾನು ಗೇಟು ಹಿಡಿದುಕೊಂಡು ನಿಂತೆ. ಅಮೃತೇಶ ಒಳಗಿನಿಂದಲೇ ಕೇಳಿಸಿಕೊಂಡಿದ್ದ. "ಆ ಹುಡ್ಗಿಗೇನು ಗೊತ್ತವ್ವಾ, ತಪ್ಪಾಯ್ತು ಅಂತೇಳಿ ಅವಳ ಒಂದ್ದಿನದ ಕೂಲಿ ಇಸ್ಕೊಂಡ್ರೆ ಆಯ್ತು, ಮುಯ್ಯಿನೂ ಇಲ್ಲ ಏನೂ ಇಲ್ಲ" ಅಂದ. ಅವನು ಕೆಟ್ಟವನಲ್ಲ ಮಂಚಿ, ನೀನೇ ಮಗ್ಗಿ ಕಲಿಸಿದ ಹುಡುಗ. ಸುಲಭದ ದಾರಿ ನೋಡುತ್ತಾನೆ. ಅದನ್ನು ನನ್ನಿಂದಲೇ ಕಲಿತ. "ಬೇಡ, ಬರ್ಲಿ" ಅಂದೆ. ಮುಯ್ಯಿ ಅಂದ ಮೇಲೆ ಊಟ ಮನೆಯೊಳಗೆ. ಆ ನಡುಮನೆಯಲ್ಲಿ. ಅದೇ ನಡುಮನೆಯಲ್ಲಿ.

(ಇಷ್ಟು ಬರೆದು ಎದ್ದುಹೋಗಿ ಹಸುವಿಗೆ ನೀರು ಇಟ್ಟು ಬಂದೆ. ಹಸುವಿಗೆ ಬಾಯಾರಿರಲಿಲ್ಲ. ನನಗೇ ಇಲ್ಲಿ ಕೂರಲಾಗಲಿಲ್ಲ.)

ಗುರುವಾರ ನಾಟಿ ಚೆನ್ನಾಗಿ ನಡೆಯಿತು. ಪುಟ್ಟಬಸವಯ್ಯ ಸಸಿ ಕಟ್ಟು ಎಸೆದರೆ ಬೇಕಾದ ಕಡೆಗೇ ಬೀಳುತ್ತದೆ, ಒಂದಂಗುಲ ಆಚೆ ಈಚೆ ಇಲ್ಲ. ರೋಜಾ ಎರಡು ಸಾಲು ಮುಗಿಸುವ ಹೊತ್ತಿಗೆ ಕಮಲ ಅರ್ಧ ಸಾಲಿನಲ್ಲಿರುತ್ತಿದ್ದಳು. "ಲೇ ಕಮಲಿ, ಪೈರ್ನ ಊಳ್ತಾ ಇದೀಯೇನೇ? ಮ್ಯಾಲೆ ಮ್ಯಾಲೆ ಇಡೇ!" ಅಂತ ರೋಜಾ ಕೂಗುವುದು, ಇವಳು "ಆಯ್ತು ಕಣಕ್ಕ" ಅನ್ನುವುದು. ನಮ್ಮ ಬೀದಿಯ ಹೆಂಗಸರು ಮೊದಲು ಬಿಮ್ಮನೆ ಇದ್ದರು. ಆಮೇಲೆ ಅವರೂ ನಕ್ಕರು. ಕೆಸರಿನಲ್ಲಿ ಎಲ್ಲರ ಕಾಲೂ ಒಂದೇ ಬಣ್ಣ.

ಊಟದ ಹೊತ್ತಾಯಿತು. ಕೈಕಾಲು ತೊಳೆದು ಎಲ್ಲರೂ ಮನೆಯ ಹತ್ತಿರ ಬಂದರು. ನಯನ ಬಾಳೆ ಎಲೆಯ ಕಟ್ಟು ಹಿಡಿದು ನನ್ನ ಮುಖ ನೋಡಿದಳು. "ಅತ್ತೆ, ಎಲೆ ಎಲ್ಲಿ ಹಾಕ್ಲಿ?" ಮಂಚಿ, ನಾನು ಅವಳ ಕೈಯಲ್ಲಿದ್ದ ಎಲೆಗಳನ್ನು ಎಣಿಸುತ್ತ ನಿಂತೆ. ನಲವತ್ತು ವರ್ಷ ಪಾಠ ಹೇಳಿದವಳು. ಕಮಲನಿಗೆ ಏನು ತಿಳಿಯಬೇಕು, ನಯನನ ಕೈಯಿಂದ ಎಲೆ ತೆಗೆದುಕೊಂಡು ನಡುಮನೆಯಲ್ಲಿ ಸಾಲಾಗಿ ಹಾಕಿ, "ಬನ್ನಿ, ಬನ್ನಿ, ಊಟ!" ಅಂತ ಕರೆದಳು. ನಮ್ಮ ಬೀದಿಯವರು ಬಂದು ಕೂತರು. ರೋಜಾ ಹೊಸ್ತಿಲ ಆಚೆಯೇ ನಿಂತಳು. ಅವಳ ಹಿಂದೆ ನಿನ್ನ ತಮ್ಮ.

"ಬಾ ಅಕ್ಕ" ಅಂತ ಕಮಲ ಅವಳ ಕೈ ಹಿಡಿದಳು. ರೋಜಾ ಕೈ ಬಿಡಿಸಿಕೊಂಡು ನನ್ನನ್ನೇ ನೋಡಿದಳು.

"ನೀವು ಕರೀರಿ ಟೀಚ್ರಮ್ಮ. ಈ ಉಡ್ಗಿ ಕರುದ್ರೆ ಬರಕ್ಕಾಯ್ತದಾ? ನಾಡಿದ್ದು ಬಸ್ ಅತ್ಕಂಡು ಓಯ್ತಾಳೆ. ಮನೆ ನಿಮ್ದು."

ಅವಳ ದನಿಯಲ್ಲಿ ಜಗಳ ಇರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ಹೊಸ್ತಿಲವರೆಗೂ ಹೋದೆ. "ಒಳಗೆ ಬಾ ರೋಜಾ. ಬಾರಪ್ಪ ಪುಟ್ಟಬಸವಯ್ಯ. ನನ್ನ ಪಕ್ಕ ಕೂತ್ಕೊಳಿ" ಅಂದೆ. ಅಷ್ಟು ಸಣ್ಣ ಮಾತು! ಹನ್ನೊಂದು ವರ್ಷದ ಹಿಂದೆ ನಿನಗೆ ಆಡಬೇಕಾಗಿದ್ದುದು ಅಷ್ಟೇ ಸಣ್ಣ ಮಾತು.

ನಿನ್ನ ತಮ್ಮ ಕೂತು, ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದ. "ಅಕ್ಕ ಕೊಟ್ಟಿದ್ದಲ್ವಾ ಅದು? ಇನ್ನೂ ಓಡ್ತಾ ಅದಲ್ಲ" ಅಂದ. ಗೃಹಪ್ರವೇಶಕ್ಕೆ ನೀನು ತಂದ ಗಡಿಯಾರ. ಅವತ್ತು ಬೆಳಗಾಗುವ ಮುಂಚೆ ನೀನು ಬಂದು ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆ, ರಂಗೋಲಿ ಹಾಕಿದ್ದೆ, ಬಂದವರಿಗೆಲ್ಲ ಪಾನಕ ಕೊಟ್ಟಿದ್ದೆ. ಊಟಕ್ಕೆ ಎಲ್ಲರ ಎಲೆ ನಡುಮನೆಯಲ್ಲಿ, ನಿನ್ನದೊಂದೇ ಹಿತ್ತಲ ಜಗಲಿಯಲ್ಲಿ. ನೀನು ಅದನ್ನು ನೋಡಿದೆ, ಸೆರಗಿಗೆ ಕೈ ಒರೆಸಿಕೊಂಡು "ಬಸ್ಸಿಗೆ ಹೊತ್ತಾಯ್ತು ಕಣೇ" ಅಂತ ಹೊರಟೆ. ನಿನ್ನ ಮನೆ ಎರಡು ಬೀದಿ ಆಚೆ. ಯಾವ ಬಸ್ಸು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಪುಟ್ಟಬಸವಯ್ಯ ಪಾಯಸಕ್ಕೆ ಕಾಯುತ್ತ ಮೆಲ್ಲಗೆ ಹೇಳಿದ: "ಅವತ್ತು ಅಕ್ಕ ಮನೆಗ್ ಬಂದು ತಂಗ್ಳು ಮುದ್ದೆ ಉಂಡ್ಲು. ಯಾಕಕ್ಕ, ಅಲ್ಲಿ ಊಟ ಇರ್ನಿಲ್ವಾ ಅಂದೆ. ಹಬ್ಬದೂಟ ಸೇರಲ್ಲ ಕಣೋ ಅಂದ್ಲು. ಅಷ್ಟೇಯ." ರೋಜಾ ತನ್ನ ಎಲೆಯನ್ನೇ ನೋಡುತ್ತಿದ್ದಳು. ನಾನು ಪಾಯಸ ಬಡಿಸಲು ಎದ್ದೆ. ಕಣ್ಣಲ್ಲಿ ನೀರು, ಎಲೆ ಯಾವುದು ನೆಲ ಯಾವುದು ಕಾಣದೆ ಎರಡು ಸೌಟು ನೆಲಕ್ಕೇ ಹಾಕಿದೆ.

ಎಲ್ಲ ಹೋದ ಮೇಲೆ ನಯನ ಕಮಲನಿಗೆ ವಿಷಯ ಹೇಳಿದಳು. ಆ ಹುಡುಗಿ ಆಮೇಲೆ ಅಂದಳಂತೆ, ಅವರ ತೋಟಕ್ಕೂ ಹಣ್ಣು ಬಿಡಿಸಲು ಬೇರೆ ದೇಶದ ಬಡವರು ಬರುತ್ತಾರಂತೆ, ಅವರಿಗೆ ತೋಟದ ಕೊನೆಯಲ್ಲಿ ತಗಡಿನ ಮನೆ, ಊಟವೂ ಅಲ್ಲೇ ಅಂತೆ. "ಅವರು ನಮ್ಮ ಮೇಜಿಗೆ ಯಾಕೆ ಬರೋದಿಲ್ಲ ಅಂತ ನಾನು ನಮ್ಮಮ್ಮನನ್ನು ಯಾವತ್ತೂ ಕೇಳಲಿಲ್ಲ" ಅಂದಳಂತೆ. ಭಾನುವಾರ ಹೊರಡುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿ ಚೀಲದ ಭಾರಕ್ಕೆ ಮುಗ್ಗರಿಸಿದಳು. ಎಲ್ಲರೂ ನಕ್ಕೆವು, ಆಮೇಲೆ ಎಲ್ಲರೂ ಅತ್ತೆವು. ರೋಜಾ ಬಸ್‌ಸ್ಟಾಪಿನವರೆಗೂ ಹೋಗಿ, ದಾರಿಗೆ ಅಂತ ಕಡಲೆಕಾಯಿ ಕಟ್ಟಿಕೊಟ್ಟು ಬಂದಳು.

ಕಮಲ ಹೋದಳು, ಮುಯ್ಯಿ ಉಳಿಯಿತು. ಅವಳು ಕೊಟ್ಟಿದ್ದು ಒಂದಾಳು, ಬಂದವರು ಇಬ್ಬರು. ನಮ್ಮ ಮನೆಯಿಂದ ಇನ್ನೊಂದಾಳು ಹೋಗಬೇಕು. ಪುಟ್ಟಬಸವಯ್ಯನ ಗದ್ದೆಯಲ್ಲಿ ಮೂಡಲ ತುಂಡು ಬಾಕಿಯಿತ್ತು, ನಿನ್ನೆ ಮಂಗಳವಾರ ನಾಟಿ. ಅದು ನಿನ್ನ ಪಾಲಿನ ತುಂಡು ಅಂತ ನನಗೆ ಗೊತ್ತು. "ಒಂದಾಳಿಗೆ ಕೂಲಿ ಕೊಟ್ಟು ಕಳಿಸಣ" ಅಂದ ಅಮೃತೇಶ. "ನಾನೋಗ್ತೀನಿ ಅತ್ತೆ" ಅಂದಳು ನಯನ. ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊರಟೆ.

ನಂಜೇಶ ಜಗಲಿಯಿಂದ "ಎಲ್ಲಿಗೆ ಟೀಚ್ರಮ್ಮ ಈ ವಯಸ್ನಲ್ಲಿ?" ಅಂದ. "ಮುಯ್ಯಿಗೆ ಕಣಪ್ಪ" ಅಂದೆ, ನಾಲ್ಕು ಮನೆಗೆ ಕೇಳುವ ಹಾಗೆ. ಅವನು ಸಂಜೆ ನಮ್ಮ ಮನೆಗೆ ಕಾಫಿಗೆ ಬರಲಿಲ್ಲ. ಇನ್ನೂ ಕೆಲವರು ಬರಲಿಕ್ಕಿಲ್ಲ. ಕಾಫಿಪುಡಿ ಉಳಿಯುತ್ತದೆ, ಬಿಡು.

ರೋಜಾ ನನ್ನನ್ನು ಬದುವಿನ ಹತ್ತಿರದ ಸಾಲಿಗೆ ನಿಲ್ಲಿಸಿದಳು, ಬಿದ್ದರೆ ಹಿಡಿಯಲು ಅಂತ. ಬೀಳಲಿಲ್ಲ, ಆದರೆ ಮಧ್ಯಾಹ್ನದ ಮೇಲೆ ಬಗ್ಗಲೂ ಆಗಲಿಲ್ಲ. ಸಸಿ ಹಂಚುವ ಕೆಲಸ ಕೊಟ್ಟರು. ಊಟಕ್ಕೆ ನಿಮ್ಮ ಮನೆಗೆ ಹೋದೆ. ಹದಿನಾಲ್ಕು ವರ್ಷ ನಿನ್ನ ಡಬ್ಬಿ ಖಾಲಿ ಮಾಡಿದವಳು ನಿನ್ನ ತವರಿನ ಹೊಸ್ತಿಲು ದಾಟಿದ್ದು ಇದೇ ಮೊದಲು. ಉಪ್ಪೆಸರಿಗೆ ರೋಜಾ ಖಾರ ಹೆಚ್ಚು ಹಾಕುತ್ತಾಳೆ. ನೀನು ಬಂದಾಗ ಹೇಳು.

ಬರುತ್ತೀಯ ತಾನೆ? ದೀಪಾವಳಿ ಹೊತ್ತಿಗೆ ಪೈರು ತೆನೆ ಒಡೆದಿರುತ್ತದೆ. ನಿನ್ನ ಗದ್ದೆಯ ಮೂಡಲ ಬದುವಿನ ಎರಡು ಸಾಲು ಸೊಟ್ಟಗಿದ್ದರೆ ಯಾರನ್ನೂ ಬೈಯಬೇಡ, ಅದು ನನ್ನ ಕೈ. ಬರುವಾಗ ನಂಜನಗೂಡಿನ ರಸಬಾಳೆ ಒಳ್ಳೆಯದು ಸಿಕ್ಕರೆ ನಾಲ್ಕು ಹಣ್ಣು ತಾ. ಆ ಬೆನ್ನುಚೀಲದ ಹುಡುಗಿ ಎಲ್ಲೇ ಇರಲಿ, ತಣ್ಣಗಿರಲಿ. ನಿನ್ನ ಕಣ್ಣು, ಕೈ, ನೂಲು ಎಲ್ಲ ಗಟ್ಟಿಯಾಗಿರಲಿ.

ಇಂತಿ,
ನಿನ್ನ
ಮಲ್ಲಾಜಿ

ಮರುಬರಹ: ಮರೆತಿದ್ದೆ ಅಂತ ಬರೆಯುವುದಿಲ್ಲ, ಮರೆತಿಲ್ಲ. ಉತ್ತರ ಬರೆಯಲು ಹನ್ನೊಂದು ವರ್ಷ ಹಿಡಿದದ್ದು ಇದಕ್ಕೇ. ನಿನ್ನ ಆ ನಾಲ್ಕು ಸಾಲಿನಲ್ಲಿ "ನಿಮ್ಮ ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ ಮಲ್ಲಾಜಿ, ಹಳೇ ಕಾಲದವರು, ನೀನೂ ಅವರಿಗೆ ಏನೂ ಅನ್ನಬೇಡ" ಅಂತ ಬರೆದಿದ್ದೆ. ಅವರು ತೀರಿಕೊಂಡಾಗ ನೀನು ನಂಜನಗೂಡಿನಿಂದ ಬಂದು ಅವರ ಕಾಲ ಹತ್ತಿರ ಹೂವಿಟ್ಟು, ಯಾರ ಹತ್ತಿರವೂ ಮಾತಾಡದೆ ಹೋದೆ. ಅತ್ತೆಯ ಮಾತು ಮೀರಲಾಗಲಿಲ್ಲ ಅಂತ, ನಿನ್ನ ಆ ಕಾಗದಕ್ಕೂ ಮುಂಚೆ, ಪುಟ್ಟಬಸವಯ್ಯನ ಕೈಲಿ ನಿನಗೆ ಹೇಳಿಕಳಿಸಿದವಳು ನಾನು. ಅತ್ತೆ ಏನೂ ಹೇಳಿರಲಿಲ್ಲ ಮಂಚಿ. ಅಮೃತೇಶನಿಗೆ ಹೆಣ್ಣು ಕೊಡುವವರು ಅವತ್ತು ಮನೆ ನೋಡಲು ಬಂದಿದ್ದರು. ಅವರು ಏನಂದುಕೊಳ್ಳುತ್ತಾರೋ ಅಂತ ಹೆದರಿ ನಿನ್ನ ಎಲೆಯನ್ನು ಜಗಲಿಯಲ್ಲಿ ಹಾಕಿದವಳು ನಾನೇ, ನನ್ನ ಕೈಯಾರೆ. ಅತ್ತೆಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ. ಬಂದವರೆಲ್ಲ ಉಂಡು ಹೋದ ಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದರು: "ನಿನ್ ಗೆಣತಿ ಉಂಡ್ಲೇನವ್ವ? ದನಿನೇ ಕೇಳ್ನಿಲ್ವಲ್ಲ." "ಉಂಡ್ಲು ಕಣತ್ತೆ, ಹೊಟ್ಟೆ ತುಂಬ ಉಂಡ್ಲು" ಅಂದೆ.